ಮುಖ ಪರಿಚಯವೂ ಇಲ್ಲದ ನೂರು ವಾದಕರನ್ನು ಕಂಡಕ್ಟರ್ ಮೂರು ದಿನದಲ್ಲಿ ಹೇಗೆ ನುಡಿಸುತ್ತಾರೆ?

ಓದುಗರ ಪ್ರಶ್ನೆ: ಆರ್ಕೆಸ್ಟ್ರಾ ಮುಂದೆ ನಿಂತು ಕೈಸನ್ನೆಯಿಂದ ಅದನ್ನು ನಡೆಸುವ ಹೆಸರಾದ ಕಂಡಕ್ಟರ್‌ಗಳು ಈ ವಾರ ಒಂದು ದೇಶ, ಮುಂದಿನ ವಾರ ಇನ್ನೊಂದು ದೇಶ ಅಂತ ಸುತ್ತುತ್ತಲೇ ಇರುತ್ತಾರೆ. ಒಂದು ಕಡೆ ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿ ಸಿಂಫನಿ, ಇನ್ನೊಂದು ಕಡೆ ಹಾಡಿನಲ್ಲೇ ನಡೆಯುವ ನಾಟಕ ಒಪೆರಾ, ಮತ್ತೊಂದು ಕಡೆ ನೃತ್ಯದಲ್ಲೇ ನಡೆಯುವ ಬ್ಯಾಲೆ. ಗುರುತು ಪರಿಚಯ ಇಲ್ಲದ ನೂರು ವಾದಕರನ್ನು ಎರಡು ಮೂರು ದಿನದಲ್ಲಿ ಇವರು ಹೇಗೆ ಒಟ್ಟಿಗೆ ತರುತ್ತಾರೆ? ಕಂಡಕ್ಟರ್ ಇಲ್ಲದಿದ್ದರೂ ಆ ವಾದಕರು ನುಡಿಸುತ್ತಾರೆ ಅಲ್ವಾ?

ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಹೌದು, ಕಂಡಕ್ಟರ್ ಇಲ್ಲದೆಯೂ ನುಡಿಸಬಹುದು. ಮಾಸ್ಕೋದಲ್ಲಿ 1922ರಿಂದ 1932ರವರೆಗೆ ಪೆರ್ಸಿಂಫಾನ್ಸ್ ಎಂಬ ದೊಡ್ಡ ಆರ್ಕೆಸ್ಟ್ರಾ ಕಂಡಕ್ಟರೇ ಇಲ್ಲದೆ ಕಛೇರಿ ಕೊಡುತ್ತಿತ್ತು. ವಾದಕರು ಒಬ್ಬರ ಮುಖ ಒಬ್ಬರಿಗೆ ಕಾಣುವಂತೆ ಕೂರುತ್ತಿದ್ದರು. ಆದರೆ ಒಂದೊಂದು ಕಾರ್ಯಕ್ರಮಕ್ಕೂ ಅವರಿಗೆ ತುಂಬಾ ಜಾಸ್ತಿ ರಿಹರ್ಸಲ್ ಬೇಕಾಗುತ್ತಿತ್ತು. ಎಷ್ಟು ವೇಗ, ಎಷ್ಟು ಮೆಲ್ಲಗೆ, ಎಲ್ಲಿ ನಿಲ್ಲಬೇಕು ಎಂಬುದನ್ನೆಲ್ಲ ಕೂತು ಮಾತಾಡಿ ಒಪ್ಪಿಕೊಳ್ಳಬೇಕಿತ್ತು.

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಒಳ್ಳೆಯ ಆರ್ಕೆಸ್ಟ್ರಾಕ್ಕೆ ನುಡಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ತೀರ್ಮಾನ ಬೇಕು, ಅದೂ ಬೇಗ ಬೇಕು. ಪ್ರತಿ ವಾದಕರ ಮುಂದೆ ಇರುವುದು ಅವರವರ ಭಾಗದ ಹಾಳೆ ಮಾತ್ರ. ಓಬೋದವರಿಗೆ ಚೆಲ್ಲೋದವರ ಸಾಲು ಕಾಣುವುದಿಲ್ಲ. ಎಲ್ಲರ ಸಾಲುಗಳೂ ಒಂದರ ಕೆಳಗೊಂದು ಬರೆದಿರುವ ಪೂರ್ತಿ ಸ್ಕೋರ್ ಇರುವುದು ಕಂಡಕ್ಟರ್ ಹತ್ತಿರ. ದೊಡ್ಡ ಕೃತಿಯಾದರೆ ಒಂದೇ ಪುಟದಲ್ಲಿ 20ಕ್ಕಿಂತ ಜಾಸ್ತಿ ಸಾಲು ಇರುತ್ತವೆ.

ಹಾಗಾಗಿ ಕೆಲಸದ ಬಹುಪಾಲು ವಿಮಾನ ಹತ್ತುವ ಮೊದಲೇ ಮುಗಿದಿರುತ್ತದೆ. ತಿಂಗಳುಗಟ್ಟಲೆ ಸ್ಕೋರ್ ಮುಂದೆ ಒಬ್ಬರೇ ಕೂತು, ಒಂದು ವಾದ್ಯವೂ ನುಡಿಯದೆ, ತಲೆಯೊಳಗೇ ಅಷ್ಟೂ ದನಿಗಳನ್ನು ಕೇಳಿಸಿಕೊಳ್ಳಬೇಕು. ಈ ಏಕಾಂತದ ದುಡಿಮೆ ಪ್ರೇಕ್ಷಕರಿಗೆ ಕಾಣುವುದೇ ಇಲ್ಲ. ಮುಂದೆ ಹೆಸರಾಂತ ಕಂಡಕ್ಟರ್ ಆದ ಟೊಸ್ಕನಿನಿ ಕಥೆ ಕೇಳಿ. 1886ರಲ್ಲಿ ಒಂದು ಇಟಾಲಿಯನ್ ಒಪೆರಾ ತಂಡ ರಿಯೋ ಡಿ ಜನೈರೋದಲ್ಲಿತ್ತು. ಕಂಡಕ್ಟರ್ ಜೊತೆ ಜಗಳವಾಗಿ ಪ್ರದರ್ಶನವೇ ನಿಂತುಹೋಗುವ ಸ್ಥಿತಿ ಬಂತು. ಆಗ ಚೆಲ್ಲೋ ನುಡಿಸುತ್ತಿದ್ದ 19 ವರ್ಷದ ಹುಡುಗ ಟೊಸ್ಕನಿನಿಯನ್ನು ಮುಂದೆ ನಿಲ್ಲಿಸಿದರು. ಅವನು ವೆರ್ಡಿಯ 'ಐದಾ' ಒಪೆರಾವನ್ನು ಸ್ಕೋರ್ ನೋಡದೆ ಪೂರ್ತಿ ನಡೆಸಿದ. 1943ರ ನವೆಂಬರ್ 14ರಂದು ನ್ಯೂಯಾರ್ಕ್‌ನಲ್ಲಿ ಕಂಡಕ್ಟರ್ ಬ್ರೂನೋ ವಾಲ್ಟರ್‌ಗೆ ಫ್ಲೂ ಬಂದಾಗ 25 ವರ್ಷದ ಲೆನರ್ಡ್ ಬರ್ನ್‌ಸ್ಟೈನ್ ಒಂದೂ ರಿಹರ್ಸಲ್ ಇಲ್ಲದೆ ಕಾರ್ನೆಗಿ ಹಾಲ್‌ನಲ್ಲಿ ಅವರ ಜಾಗದಲ್ಲಿ ನಿಂತರು. ಆ ಕಛೇರಿ ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸುತ್ತಿತ್ತು. ಇಬ್ಬರಿಗೂ ಅದೃಷ್ಟ ಒದಗಿತು ಅನ್ನುತ್ತಾರೆ. ಅದೃಷ್ಟ ಬಂದ ದಿನ ಸ್ಕೋರ್ ತಲೆಯೊಳಗೆ ತಯಾರಾಗಿತ್ತು ಅನ್ನುವುದು ನನಗೆ ಮುಖ್ಯ.

ಇನ್ನು ಆ ಮೂರು ದಿನ. ಸಾಮಾನ್ಯವಾಗಿ ಒಂದು ಕಾರ್ಯಕ್ರಮಕ್ಕೆ ನಾಲ್ಕೈದು ರಿಹರ್ಸಲ್ ಸಿಗುತ್ತವೆ, ಲಂಡನ್‌ನಲ್ಲಿ ಇನ್ನೂ ಕಡಿಮೆ. ಒಂದೊಂದು ಸುಮಾರು ಎರಡೂವರೆ ಗಂಟೆ. ಸಮಯ ಆಯಿತೆಂದರೆ ಆಯಿತು, ವಾದಕರು ಏಳುತ್ತಾರೆ. ಆದ್ದರಿಂದ ಉದ್ದ ಭಾಷಣ ಮಾಡುವ ಕಂಡಕ್ಟರ್ ಯಾರಿಗೂ ಬೇಡ. ಭಾಷೆ ಬರದಿದ್ದರೂ ಕೆಲಸ ನಡೆಯುತ್ತದೆ. ಪಿಯಾನೋ (ಮೆಲ್ಲಗೆ), ಫೋರ್ಟೆ (ಜೋರಾಗಿ), ಅಲೆಗ್ರೋ (ಚುರುಕಾಗಿ) ಮುಂತಾದ ಇಟಾಲಿಯನ್ ಪದಗಳು ಎಲ್ಲ ದೇಶದ ವಾದಕರಿಗೂ ಗೊತ್ತು. ಹಾಳೆಯಲ್ಲಿ ಗುರುತಿನ ಅಕ್ಷರಗಳಿರುತ್ತವೆ, ಯಾವ ಜಾಗ ಎಂದು ಹೇಳಿದರೆ ಸಾಕು.

ಉಳಿದದ್ದು ಕೈಯಲ್ಲಿ. ಬೀಥೋವನ್‌ನ ಐದನೇ ಸಿಂಫನಿಯ ಶುರುವಿನ ನಾಲ್ಕು ಸ್ವರ ಯಾರಿಗೆ ಗೊತ್ತಿಲ್ಲ? ಕೇಳಲು ಸರಳ. ಆದರೆ ಆ ಸಿಂಫನಿಯ ಮೊಟ್ಟಮೊದಲ ಗುರುತು ಒಂದು ಚಿಕ್ಕ ಮೌನ. ಕಂಡಕ್ಟರ್ ಕೈಯಲ್ಲಿರುವ ಚಿಕ್ಕ ಕೋಲು, ಅಂದರೆ ಬ್ಯಾಟನ್, ಆ ಮೌನದ ಮೇಲೆ ಇಳಿಯುತ್ತದೆ, ಅದರ ಬೆನ್ನಿಗೇ ಮೂರು ಸ್ವರ ಎಲ್ಲರಿಂದಲೂ ಒಂದೇ ಕ್ಷಣಕ್ಕೆ ಬರಬೇಕು. ಎಷ್ಟು ವೇಗ ಎಂದು ತಿಳಿಯಲು ವಾದಕರಿಗೆ ಹಿಂದೆ ಕೇಳಿದ ಲಯವೇ ಇಲ್ಲ. ಕೈ ಮೇಲೆದ್ದ ರೀತಿಯಲ್ಲೇ ವೇಗ, ಬಲ, ಗುಣ ಮೂರೂ ಕಾಣಬೇಕು. ಪರಿಚಯ ಇಲ್ಲದ ಆರ್ಕೆಸ್ಟ್ರಾ ಮುಂದೆ ಕಂಡಕ್ಟರ್ ಯಾರು ಎಂಬುದು ಗೊತ್ತಾಗುವುದು ಇಂಥ ಜಾಗದಲ್ಲಿ.

ಅತಿಥಿಯಾಗಿ ಹೋದವರು ಆ ಆರ್ಕೆಸ್ಟ್ರಾದ ಅಭ್ಯಾಸಗಳನ್ನೂ ಗೌರವಿಸಬೇಕು. ಜರ್ಮನಿ, ಆಸ್ಟ್ರಿಯಾದ ಕೆಲವು ಆರ್ಕೆಸ್ಟ್ರಾಗಳಲ್ಲಿ ಬ್ಯಾಟನ್ ಇಳಿದು ಸ್ವಲ್ಪ ಹೊತ್ತಾದ ಮೇಲೆ ದನಿ ಬರುತ್ತದೆ. ಹೊಸಬರಿಗೆ ಎದೆ ಒಡೆದಂತಾಗುತ್ತದೆ. ಅವಸರಪಟ್ಟು ಕೈ ಬೀಸಿದರೆ ಎಲ್ಲ ಕೆಡುತ್ತದೆ, ಕಾದರೆ ಆ ತುಂಬಿದ ನಾದ ತಾನಾಗಿ ಸಿಗುತ್ತದೆ.

ಇಷ್ಟೂ ಕಛೇರಿ ವೇದಿಕೆಯ ಮಾತು. ಒಪೆರಾದಲ್ಲಿ ಕಥೆ ಬೇರೆ. ಹೊಸದಾಗಿ ಕಟ್ಟುವ ಒಪೆರಾಕ್ಕೆ ವಾರಗಟ್ಟಲೆ ಅಲ್ಲೇ ಇರಬೇಕು. ಮೊದಲು ಗಾಯಕರ ಜೊತೆ ಬರೀ ಪಿಯಾನೋ, ಆಮೇಲೆ ಆರ್ಕೆಸ್ಟ್ರಾ, ಕೊನೆಗೆ ವೇಷ, ಬೆಳಕು ಎಲ್ಲ ಸೇರಿ. ಗಾಯಕಿ ಉಸಿರು ತೆಗೆದುಕೊಳ್ಳುವಾಗ ಕಂಡಕ್ಟರ್ ಕೂಡ ಉಸಿರು ತೆಗೆದುಕೊಳ್ಳುತ್ತಾರೆ, ಆ ಉಸಿರೇ ವೇದಿಕೆಯ ಮುಂದಿನ ತಗ್ಗಿನಲ್ಲಿ (ಪಿಟ್) ಕೂತ ವಾದಕರಿಗೆ ಸೂಚನೆ. ವೇದಿಕೆಯ ಹಿಂದಿರುವ ಕೋರಸ್‌ಗೆ ಇವರು ಕಾಣುವುದು ಟಿವಿ ಪರದೆಯಲ್ಲಿ. ಗಾಯಕರು ಒಂದು ಸಾಲು ಮರೆತು ಮುಂದೆ ಹಾರಿದರೆ ಅಷ್ಟು ಜನರನ್ನೂ ಅಲ್ಲಿಗೆ ಕರೆದೊಯ್ಯಬೇಕು. ವಿಯೆನ್ನಾ ಸ್ಟೇಟ್ ಒಪೆರಾದಂಥ ಕಡೆ ದಿನಕ್ಕೊಂದು ಒಪೆರಾ ಬದಲಾಗುತ್ತದೆ. ಹಿಂದೆಯೇ ಕಟ್ಟಿದ ಒಪೆರಾ ಆದರೆ ಆರ್ಕೆಸ್ಟ್ರಾ ಜೊತೆ ರಿಹರ್ಸಲ್ಲೇ ಇಲ್ಲದೆ ನಡೆಸುವುದೂ ಉಂಟು. ಅದಕ್ಕೇ ಹಳೆಯ ತಲೆಮಾರಿನ ಎಷ್ಟೋ ದೊಡ್ಡವರು ಒಪೆರಾ ಮನೆಗಳಲ್ಲೇ ಪಳಗಿದರು. ಕಾರಾಯನ್ 1929ರಲ್ಲಿ ಶುರು ಮಾಡಿದ್ದು ಜರ್ಮನಿಯ ಉಲ್ಮ್ ಎಂಬ ಚಿಕ್ಕ ಊರಿನಲ್ಲಿ. ಸೋಲ್ಟಿ ಬುಡಾಪೆಸ್ಟ್ ಒಪೆರಾದಲ್ಲಿ ಗಾಯಕರಿಗೆ ಪಿಯಾನೋ ನುಡಿಸಿ ಪಾಠ ಮಾಡಿಸುತ್ತಿದ್ದರು. ಮುಂದೆ ಷಿಕಾಗೋ ಸಿಂಫನಿ ಆರ್ಕೆಸ್ಟ್ರಾವನ್ನು 22 ವರ್ಷ ನಡೆಸಿದವರು ಇವರೇ.

ಬ್ಯಾಲೆಯನ್ನು ಮಾತ್ರ ಜನ ಹಗುರವಾಗಿ ನೋಡುತ್ತಾರೆ. ಇದು ಅನ್ಯಾಯ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಗಾಯಕರು ಒಂದು ಸ್ವರವನ್ನು ಸ್ವಲ್ಪ ಎಳೆಯಬಹುದು. ಮೇಲೆ ಹಾರಿದ ನರ್ತಕ ಗಾಳಿಯಲ್ಲಿ ಕಾಯಲಾರ. ಎಷ್ಟು ಎತ್ತರ ಹಾರುತ್ತಾನೆ, ಎಷ್ಟು ಹೊತ್ತಿಗೆ ನೆಲ ಮುಟ್ಟುತ್ತಾನೆ ಎಂಬುದನ್ನು ನೋಡಿ ಸಂಗೀತ ಇಳಿಯಬೇಕು. ಚೈಕೋವ್‌ಸ್ಕಿಯ 'ಸ್ವಾನ್ ಲೇಕ್' ಬ್ಯಾಲೆಯ ಮೂರನೇ ಅಂಕದಲ್ಲಿ ನರ್ತಕಿ ಒಂದೇ ಕಾಲಿನ ಮೇಲೆ 32 ಸುತ್ತು ತಿರುಗುತ್ತಾಳೆ. ವೇಗ ಸ್ವಲ್ಪ ಕಡಿಮೆಯಾದರೂ ಸಮತೋಲ ತಪ್ಪುತ್ತದೆ, ಜಾಸ್ತಿಯಾದರೆ ಕಾಲು ಸೋಲುತ್ತದೆ. ನಾಳೆ ಇನ್ನೊಬ್ಬ ನರ್ತಕಿ ಬಂದರೆ ಅವಳ ವೇಗವೇ ಬೇರೆ. ಇದು ಗೊತ್ತಾಗಬೇಕಾದರೆ ನೃತ್ಯ ಅಭ್ಯಾಸದ ಕೋಣೆಗೆ ಹೋಗಿ ಕೂರಬೇಕು. ಅಷ್ಟು ಮಾಡಿಯೂ ಚೈಕೋವ್‌ಸ್ಕಿಯ ಸಂಗೀತ ತುಂಡು ತುಂಡಾಗದೆ ಹರಿಯಬೇಕು.

ಮೂರೂ ಕ್ಷೇತ್ರ ಒಬ್ಬರಲ್ಲೇ ಸೇರಿದ್ದಕ್ಕೆ ನನ್ನ ಮನಸ್ಸಿಗೆ ಮೊದಲು ಬರುವ ಹೆಸರು ಪಿಯೆರ್ ಮೊಂಟೊ. 1875ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ವಿಯೋಲ ವಾದಕ. 1913ರ ಮೇ 29ರಂದು ಪ್ಯಾರಿಸ್‌ನಲ್ಲಿ ಸ್ಟ್ರಾವಿನ್‌ಸ್ಕಿಯ 'ದಿ ರೈಟ್ ಆಫ್ ಸ್ಪ್ರಿಂಗ್' ಬ್ಯಾಲೆಯ ಮೊದಲ ಪ್ರದರ್ಶನ ನಡೆಸಿದವರು ಅವರೇ. ಲಯ ಹೆಜ್ಜೆಹೆಜ್ಜೆಗೂ ಬದಲಾಗುವ ಸಂಗೀತ ಅದು. ಪ್ರೇಕ್ಷಕರು ಕೂಗಾಡಿದರು. ನರ್ತಕರಿಗೆ ಆರ್ಕೆಸ್ಟ್ರಾ ಕೇಳಿಸದೆ, ನೃತ್ಯ ಸಂಯೋಜಿಸಿದ ನಿಜಿನ್‌ಸ್ಕಿ ವೇದಿಕೆಯ ಪಕ್ಕದಲ್ಲಿ ನಿಂತು ಎಣಿಕೆ ಕೂಗಿ ಹೇಳಬೇಕಾಯಿತು. ಮೊಂಟೊ ನಿಲ್ಲಿಸಲಿಲ್ಲ, ಕೊನೆಯ ಸ್ವರದವರೆಗೂ ನಡೆಸಿದರು. ಆಮೇಲೆ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಒಪೆರಾ, ಬೋಸ್ಟನ್ ಸಿಂಫನಿ, ಆಮ್‌ಸ್ಟರ್‌ಡಾಂ, 1936ರಿಂದ 1952ರವರೆಗೆ ಸ್ಯಾನ್‌ಫ್ರಾನ್ಸಿಸ್ಕೋ. 1961ರಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾದ ಮುಖ್ಯ ಕಂಡಕ್ಟರ್ ಆದಾಗ ಅವರಿಗೆ 86 ವರ್ಷ.

ಇಂಥ ಓಡಾಟದ ಬದುಕಿಗೆ ದಾರಿ ಹಲವು. ಸ್ಪರ್ಧೆ ಒಂದು. ಬಾಂಬೆಯಲ್ಲಿ ಹುಟ್ಟಿ ವಿಯೆನ್ನಾದಲ್ಲಿ ಓದಿದ ಜುಬಿನ್ ಮೆಹ್ತಾ 1958ರಲ್ಲಿ ಲಿವರ್‌ಪೂಲ್‌ನ ಸ್ಪರ್ಧೆ ಗೆದ್ದರು. ನಾಲ್ಕೇ ವರ್ಷದಲ್ಲಿ ಮಾಂಟ್ರಿಯಲ್, ಲಾಸ್ ಏಂಜಲಿಸ್ ಎರಡೂ ಆರ್ಕೆಸ್ಟ್ರಾಗಳಿಗೆ ಅವರೇ ಸಂಗೀತ ನಿರ್ದೇಶಕರು, ಅಂದರೆ ಖಾಯಂ ಮುಖ್ಯ ಕಂಡಕ್ಟರ್. ಸೇಜಿ ಒಜಾವಾ 1959ರಲ್ಲಿ ಫ್ರಾನ್ಸ್‌ನ ಬೆಜಾನ್ಸೋನ್ ಸ್ಪರ್ಧೆ ಗೆದ್ದು, ಮುಂದೆ ಬೋಸ್ಟನ್ ಸಿಂಫನಿಯಲ್ಲಿ 29 ವರ್ಷ ಇದ್ದರು. ಸಂಗೀತ ನಿರ್ದೇಶಕರಾದವರು ಕೂಡ ವರ್ಷದ ಕೆಲವು ವಾರ ಮಾತ್ರ ತಮ್ಮ ಆರ್ಕೆಸ್ಟ್ರಾ ಜೊತೆ ಇರುತ್ತಾರೆ. ಉಳಿದ ವಾರಗಳಲ್ಲಿ ಬೇರೆಯವರ ಅತಿಥಿ.

ಮೊದಲ ಆಹ್ವಾನ ಸ್ಪರ್ಧೆಯಿಂದ, ಏಜೆಂಟ್‌ನಿಂದ, ಯಾರದೋ ಕಾಯಿಲೆಯಿಂದಲೂ ಸಿಗಬಹುದು. ಎರಡನೆಯದು ವಾದಕರ ಮನಸ್ಸಿನಿಂದಲೇ ಬರಬೇಕು. ವಿಯೆನ್ನಾ ಫಿಲ್ಹಾರ್ಮೋನಿಕ್‌ಗೆ 1933ರಿಂದ ಖಾಯಂ ಕಂಡಕ್ಟರೇ ಇಲ್ಲ, ಬೇಕಾದವರನ್ನು ವಾದಕರೇ ಕರೆಸಿಕೊಳ್ಳುತ್ತಾರೆ. ಬರ್ಲಿನ್ ಫಿಲ್ಹಾರ್ಮೋನಿಕ್‌ನ ವಾದಕರು ತಮ್ಮ ಮುಖ್ಯ ಕಂಡಕ್ಟರ್‌ನನ್ನು ಮತ ಹಾಕಿ ಆರಿಸುತ್ತಾರೆ. 2015ರಲ್ಲಿ ಅವರು ಆರಿಸಿದ್ದು ಕಿರಿಲ್ ಪೆಟ್ರೆಂಕೋ ಅವರನ್ನು. ಅವರು ಬೆಳೆದದ್ದು ಒಪೆರಾ ಮನೆಗಳಲ್ಲಿ: ವಿಯೆನ್ನಾ, ಮೈನಿಂಗನ್, ಬರ್ಲಿನ್, ಮ್ಯೂನಿಕ್. ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ಅಲ್ಲಿಯವರೆಗೆ ಅವರು ಕೆಲಸ ಮಾಡಿದ್ದು ಮೂರೇ ಸಲ, ಕೊನೆಯದು 2012ರಲ್ಲಿ. ಮೂರು ವರ್ಷ ಕಳೆದರೂ ವಾದಕರು ಆ ಕೆಲವೇ ದಿನಗಳನ್ನು ಮರೆತಿರಲಿಲ್ಲ.