ಪದ ಪರಿಚಯ: ಶಸ್ತ್ರರಹಿತ ರೋಗನಿರ್ಣಯ

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ, ಅಂದರೆ ಅಂಡಾಶಯ, ಕರುಳು ಅಥವಾ ಕಿಬ್ಬೊಟ್ಟೆಯ ಒಳಪೊರೆಯ ಮೇಲೆ ಬೆಳೆಯುವ ಕಾಯಿಲೆಯೇ ಎಂಡೊಮೆಟ್ರಿಯೋಸಿಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 10ರಷ್ಟು ಮಂದಿಗೆ ಇದು ಇದೆ. ಹೊಟ್ಟೆಯನ್ನು ಕೊಯ್ಯದೆ ಇದನ್ನು ಗುರುತಿಸುವ ಕ್ರಮಕ್ಕೆ ಇಂಗ್ಲಿಷಿನಲ್ಲಿ ‘ನಾನ್-ಇನ್ವೇಸಿವ್’ ಎನ್ನುತ್ತಾರೆ; ಅದಕ್ಕೆ ‘ಅನಾಕ್ರಮಣಕಾರಿ ರೋಗನಿರ್ಣಯ’ ಎಂಬ ಅನುವಾದ ಬಳಕೆಯಲ್ಲಿದೆ. ಅದರಲ್ಲಿ ರಣರಂಗದ ಸದ್ದು ಕೇಳಿಸುವುದರಿಂದ ‘ಶಸ್ತ್ರರಹಿತ’ ಎಂಬುದೇ ವಾಸಿ ಎಂದು ನನ್ನ ಅಭಿಪ್ರಾಯ.

ದಶಕಗಳ ಕಾಲ ಹೊಕ್ಕುಳ ಬಳಿ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸುವ ಲ್ಯಾಪರೊಸ್ಕೋಪಿಯೇ ಅಂತಿಮ ಪ್ರಮಾಣವಾಗಿತ್ತು. ಮಾನವ ಸಂತಾನೋತ್ಪತ್ತಿಗೆ ಸಂಬಂಧಿಸಿದ ಯುರೋಪಿನ ತಜ್ಞರ ಸಂಘವು 2022ರ ಮಾರ್ಗಸೂಚಿಯಲ್ಲಿ ಆ ಸ್ಥಾನವನ್ನು ಕೈಬಿಟ್ಟು, ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದಾಗ ಅಥವಾ ಔಷಧ ಫಲಿಸದಿದ್ದಾಗ ಮಾತ್ರ ಅದನ್ನು ಸೂಚಿಸಿತು.

ಹಾಗಾದರೆ ಮೊದಲ ಸಾಧನ ಯಾವುದು? ರೋಗಿಯ ಮಾತು. ಕಾಫಿ ಕೊಯ್ಲಿನ ದಿನಗಳಲ್ಲೂ ತಿಂಗಳಿಗೆ ಎರಡು ಮೂರು ದಿನ ಕೂಲಿ ಬಿಟ್ಟು ಲೈನ್ ಮನೆಯಲ್ಲಿ ಮಲಗಬೇಕಾಗುವ ಹೆಣ್ಣುಮಗಳಿಗೆ ‘ಮುಟ್ಟೆಂದರೆ ನೋವು ಇದ್ದದ್ದೇ’ ಎಂದು ಹೇಳಿ ಕಳಿಸುವುದು ಕೊಡಗಿನಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಇದೆ; ಆದರೆ ಮುಟ್ಟಿನ ಸಮಯದಲ್ಲಿ ಮಲವಿಸರ್ಜನೆಗೆ ನೋವು, ಸಂಭೋಗದಲ್ಲಿ ನೋವು, ಗರ್ಭ ನಿಲ್ಲದಿರುವುದು ಇವೆಲ್ಲ ಸೇರಿದಾಗ ಅದು ಬರಿಯ ಮುಟ್ಟಿನ ನೋವಲ್ಲ.

ಎರಡನೆಯದು ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್. ಹಳೆಯ ರಕ್ತ ತುಂಬಿದ ಅಂಡಾಶಯದ ಗಂಟು, ಅಂದರೆ ‘ಚಾಕೊಲೇಟ್ ಸಿಸ್ಟ್’, ಇದರಲ್ಲಿ ಮಂಜುಗಾಜಿನಂತೆ ಕಾಣುತ್ತದೆ. ಮೆಲ್ಲನೆ ಒತ್ತಿದಾಗ ಗರ್ಭಕೋಶವೂ ಕರುಳೂ ಒಂದರ ಮೇಲೊಂದು ಜಾರದಿದ್ದರೆ ಅವು ಅಂಟಿಕೊಂಡಿವೆ ಎಂಬ ಅನುಮಾನ ಬಲವಾಗುತ್ತದೆ. ಶಸ್ತ್ರರಹಿತವೆಂದರೂ ಈ ಪರೀಕ್ಷೆ ಅವಿವಾಹಿತೆಯರಿಗೆ ಮುಜುಗರದ್ದೇ. ಒಪ್ಪದವರಿಗೆ ಹೊಟ್ಟೆಯ ಮೇಲಿನಿಂದ ಸ್ಕ್ಯಾನ್ ಅಥವಾ ಎಂ.ಆರ್.ಐ. ಮಾಡಬಹುದು. ಆಳಕ್ಕೆ ಇಳಿದ ಗಂಟುಗಳನ್ನು ಎಂ.ಆರ್.ಐ. ಚೆನ್ನಾಗಿ ತೋರಿಸುತ್ತದೆ.

ಒಳಪೊರೆಯ ಮೇಲಿನ ತೆಳುವಾದ ಕಲೆಗಳು ಮಾತ್ರ ಇವೆರಡರ ಕಣ್ಣಿಗೂ ಹೆಚ್ಚಾಗಿ ತಪ್ಪುತ್ತವೆ. ಆದ್ದರಿಂದ ‘ನಾರ್ಮಲ್’ ಎಂಬ ರಿಪೋರ್ಟು ಕಾಯಿಲೆ ಇಲ್ಲವೆಂಬುದಕ್ಕೆ ಪುರಾವೆಯಲ್ಲ. ರಕ್ತದಲ್ಲಿ ಸಿಎ-125 ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆಯನ್ನೂ ನೆಚ್ಚುವಂತಿಲ್ಲ. ಫೈಬ್ರಾಯ್ಡ್, ಅಂದರೆ ಗರ್ಭಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆ, ಇದ್ದರೂ, ಮುಟ್ಟಾಗಿದ್ದರೂ ಅದು ಏರುತ್ತದೆ. ಜೊಲ್ಲಿನಲ್ಲಿರುವ ಮೈಕ್ರೋ ಆರ್‌ಎನ್‌ಎಗಳನ್ನು, ಅಂದರೆ ಜೀನ್‌ಗಳ ಕೆಲಸವನ್ನು ನಿಯಂತ್ರಿಸುವ ಪುಟ್ಟ ಅಣುಗಳನ್ನು, ಅಳೆಯುವ ಪರೀಕ್ಷೆ ಫ್ರಾನ್ಸಿನಲ್ಲಿ ರೂಪುಗೊಂಡಿದ್ದರೂ ನಮ್ಮ ನಿತ್ಯದ ಚಿಕಿತ್ಸೆಗೆ ಅದಿನ್ನೂ ದೂರ.

ಮಡಿಕೇರಿಗೋ ವಿರಾಜಪೇಟೆಗೋ ಸ್ಕ್ಯಾನಿಂಗಿಗೆ ಹೋಗುವವರು ಚೀಟಿಯಲ್ಲಿ ‘ಹೊಟ್ಟೆ ನೋವು’ ಎಂದಷ್ಟೇ ಬರೆಸಿಕೊಳ್ಳದೆ, ನೋವು ಮುಟ್ಟಿನ ಯಾವ ದಿನ ಬರುತ್ತದೆ, ಎಲ್ಲಿ ಬರುತ್ತದೆ ಎಂಬುದನ್ನೂ ಬರೆಸಬೇಕು; ಸ್ಕ್ಯಾನ್ ಮಾಡುವ ವೈದ್ಯರು ಗರ್ಭಕೋಶದ ಹಿಂಬದಿಯನ್ನೂ ಕರುಳನ್ನೂ ಹುಡುಕಿ ನೋಡುವುದು ಆ ಬರಹದ ಆಧಾರದಿಂದಲೇ.