ಧರೆ ಕಡಿಸುವ ಮುನ್ನ ಆ ಕಲ್ಲನ್ನೊಮ್ಮೆ ಹಿಸುಕಿ ನೋಡಿ

ಹೊಸನಗರ ತಾಲ್ಲೂಕಿನ ಒಂದು ಮನೆ. ಕೊಟ್ಟಿಗೆಗೆ ಜಾಗ ಸಾಲದೆಂದು ಹಿತ್ತಲ ಧರೆಯನ್ನು, ಅಂದರೆ ಗುಡ್ಡದ ಏರುದಿಬ್ಬವನ್ನು, ಎರಡಾಳೆತ್ತರಕ್ಕೆ ನೇರವಾಗಿ ಕಡಿಸಿದ್ದರು. 'ಎಂತಕ್ಕೆ ಹೆದರೋದು ಸಾರ್, ಪೂರ್ತಿ ಕಲ್ಲೇ ಬಂದಿದೆ' ಅಂದರು ಯಜಮಾನರು.

ಕಣ್ಣಿಗೆ ಅದು ಕಲ್ಲೇ. ನೈಸ್ ಎಂಬ ಕಪ್ಪು ಬಿಳಿ ಪಟ್ಟೆಯ ಶಿಲೆ. ಪಟ್ಟೆಗಳು, ಸೀಳುಗಳು ಎಲ್ಲ ಇದ್ದಲ್ಲೇ ಇವೆ. ನಡುವೆ ಬೆರಳಗಲದ ಬೆಣಚುಕಲ್ಲಿನ (ಕ್ವಾರ್ಟ್ಜ್) ಎಳೆಯೊಂದು ಓರೆಯಾಗಿ ಹಾದಿದೆ. ಬಿಳಿ ಪಟ್ಟೆಯ ಮೇಲೆ ಹೆಬ್ಬೆರಳು ಒತ್ತಿದೆ, ಉಗುರು ಮುಳುಗಿತು. ಒಂದು ಹಿಡಿ ಕಿತ್ತು ಅವರ ಕೈಗಿಟ್ಟೆ. ಹಿಸುಕಿದರು. ಅಷ್ಟೂ ಹಿಟ್ಟಾಗಿ ಉದುರಿ, ಅಂಗೈಯಲ್ಲಿ ಉಳಿದದ್ದು ನಾಲ್ಕು ಬೆಣಚು ಹರಳು.

ಕಲ್ಲಿನ ರೂಪ ಉಳಿದು ಜೀವ ಹೋದ ಮಣ್ಣು ಅದು. ಭೂವಿಜ್ಞಾನಿಯಾಗಿ ಮಲೆನಾಡು ಸುತ್ತುವಾಗ ನಾನು ಅತಿ ಹೆಚ್ಚು ಕಂಡದ್ದು ಇದನ್ನೇ, ಜನರಿಗೆ ಅತಿ ಕಡಿಮೆ ಗೊತ್ತಿರುವುದೂ ಇದೇ.

ಬಂಡೆಯನ್ನು ಬಿಸಿಲು ಒಡೆಯುತ್ತದೆ, ಬೇರು ಸೀಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸುಳ್ಳಲ್ಲ. ಆದರೆ ನಮ್ಮ ಸೀಮೆಯಲ್ಲಿ ದೊಡ್ಡ ಕೆಲಸ ನಡೆಯುವುದು ಮಣ್ಣಿನಡಿಯ ಕತ್ತಲಲ್ಲಿ, ನೀರಿನಿಂದ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ದರಗು, ಅಂದರೆ ಉದುರಿದ ಎಲೆ, ಕೊಳೆಯುವ ಕಾಡುಮಣ್ಣಿನಲ್ಲಿ ಆ ಅನಿಲ ಹೊರಗಿನದಕ್ಕಿಂತ ಹತ್ತಾರು ಪಟ್ಟು ಇರುವುದರಿಂದ ಹುಳಿ ಇನ್ನಷ್ಟು ಏರುತ್ತದೆ. ಈ ನೀರು ಕಲ್ಲಿನ ಸೀಳುಗಳಿಗೆ ಇಳಿದು ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಹಿಡಿಯುತ್ತದೆ. ಅದರೊಳಗಿನ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಕರಗಿ ಹಳ್ಳ ಸೇರುತ್ತವೆ. ಹಿಂದೆ ಉಳಿಯುವುದು ನುಣ್ಣನೆಯ ಜೇಡಿ, ನಮ್ಮ ಮಾತಿನ ಶೇಡಿಮಣ್ಣು. ಕಪ್ಪು ಖನಿಜಗಳಲ್ಲಿನ ಕಬ್ಬಿಣ ತುಕ್ಕಾಗಿ ಮಣ್ಣನ್ನು ಕೆಂಪಾಗಿಸುತ್ತದೆ. ಬೆಣಚು ಮಾತ್ರ ಸುಲಭಕ್ಕೆ ಜಗ್ಗುವುದಿಲ್ಲ. ತುಂಗೆಯ ಮರಳಿನಲ್ಲಿ ಹೊಳೆಯುವ ಹರಳುಗಳು ಹೀಗೆ ಉಳಿದವು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ. ಅಲ್ಲಿಂದ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್ ದೂರ, ಈಶಾನ್ಯದ ಶಿವಮೊಗ್ಗ ಪೇಟೆಯಲ್ಲಿ 1,000ದ ಆಸುಪಾಸು. 250 ಕೋಟಿ ವರ್ಷಕ್ಕೂ ಹಳೆಯ ಶಿಲೆ ಪಡುವಣದಲ್ಲಿ ಹತ್ತಾರು ಅಡಿ ಆಳಕ್ಕೆ ಕೊಳೆತಿರುವುದಕ್ಕೆ ಈ ಮಳೆ ಮುಖ್ಯ ಕಾರಣ. ಹಾಗಿದ್ದರೆ ಆಗುಂಬೆ ಬಳಿಯ ಕುಂದಾದ್ರಿ ಬೆಟ್ಟದ ಬಂಡೆ ಅದೇ ಮಳೆಯಲ್ಲಿ ಹೇಗೆ ನಿಂತಿದೆ? ಅದರ ಮೈ ಬರಿದು, ಬಿದ್ದ ನೀರು ಜಾರಿ ಹೋಗುತ್ತದೆ. ಕಲ್ಲುಹೂ ಹಬ್ಬಿ ಮೇಲ್ಮೈ ಸ್ವಲ್ಪ ಸವೆಯಬಹುದು, ಅಷ್ಟೆ. ಒದ್ದೆ ಮಣ್ಣು ಹೊದ್ದ ಕಲ್ಲೇ ಬೇಗ ಸಾಯುವುದು.

ಇನ್ನು ಜಂಬಿಟ್ಟಿಗೆ. ಕರಗುವುದೆಲ್ಲ ತೊಳೆದು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಎರಡೂ ನೆಲದ ಮೇಲ್ಪದರದಲ್ಲೇ ಉಳಿದು ಹೆಪ್ಪುಗಟ್ಟಿ ಆದ ಕಲ್ಲಿದು. ನೆಲದಲ್ಲಿರುವಾಗ ಕಡಿಯಲು ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟು 1807ರಲ್ಲಿ ಪ್ರಕಟಿಸಿದರು. ಅದೇ ಪ್ರವಾಸದಲ್ಲಿ ಇಕ್ಕೇರಿ, ಬಿದನೂರು ನಗರದ ಕಡೆಗೂ ಬಂದಿದ್ದರು. ನಮ್ಮ ಹಿರಿಯರು ಇಟ್ಟ ಹೆಸರಿನಲ್ಲೂ ಇಟ್ಟಿಗೆ ಇದೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ.

ಅಪಾಯ ಇರುವುದು ಪದರಗಳ ಜೋಡಣೆಯಲ್ಲಿ. ಮೇಲೆ ಗಟ್ಟಿ ಜಂಬಿಟ್ಟಿಗೆ, ಕೆಳಗೆ ಶೇಡಿ. ಜಂಬಿಟ್ಟಿಗೆಯ ತೂತುಗಳಲ್ಲಿ ನೀರು ಸರಾಗ ಇಳಿಯುತ್ತದೆ, ಶೇಡಿ ಅದನ್ನು ಅಷ್ಟು ಬೇಗ ಬಿಟ್ಟುಕೊಡುವುದಿಲ್ಲ. ಪುನರ್ವಸು, ಪುಷ್ಯ ಮಳೆ ಬಿಡದೆ ಹಿಡಿದರೆ ನೀರು ಅಲ್ಲೇ ತುಂಬಿ, ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲಿಸುತ್ತದೆ. ನಾವೋ ಕೆಳಗಿನ ಆಸರೆಯನ್ನು ಜೆಸಿಬಿಯಲ್ಲಿ ತೆಗೆಸಿರುತ್ತೇವೆ.

ಗುಂಡುಕಲ್ಲು ಇನ್ನೊಂದು ಮೋಸ. ಸೀಳುಗಳ ನಡುವಿನ ಚೌಕ ಬಂಡೆಯನ್ನು ನೀರು ಮೂಲೆಗಳಲ್ಲಿ ಮೂರು ಕಡೆಯಿಂದ ತಿನ್ನುತ್ತದೆ, ಮುಖದಲ್ಲಿ ಒಂದೇ ಕಡೆಯಿಂದ. ಹಾಗಾಗಿ ಮೂಲೆ ಮೊದಲು ಹೋಗಿ, ಈರುಳ್ಳಿಯಂತೆ ಪದರ ಬಿಟ್ಟು ಬಂಡೆ ಗುಂಡಗಾಗುತ್ತದೆ. ಅದರ ಸುತ್ತಲೂ, ಅಡಿಯಲ್ಲೂ ಇರುವುದು ಮೆದು ಮಣ್ಣು. ಗುದ್ದಲಿ ಠಣ್ ಎಂದೊಡನೆ ಹಾಸುಬಂಡೆ ಸಿಕ್ಕಿತೆಂದು ಪಾಯ ನಿಲ್ಲಿಸುತ್ತಾರೆ. ಕೆಲಸದ ಹೊಸತರಲ್ಲಿ ನಾನೂ ಒಂದು ಕಡೆ ಹಾಗೆ ಹೇಳಿಬಿಟ್ಟಿದ್ದೆ. ಮರುವರ್ಷ ಆ ಮನೆಯ ಗೋಡೆಯಲ್ಲಿ ಮೂಡಿದ ಬಿರುಕು ಇಂದಿಗೂ ಕಣ್ಣಮುಂದಿದೆ. ಅಂದಿನಿಂದ ಒಂದೇ ಗುಂಡಿ ನೋಡಿ ನಾನು ಮಾತಾಡುವುದಿಲ್ಲ.

ಹೊಸನಗರದ ಆ ಧರೆಗೆ ಸಿಮೆಂಟ್ ಬಳಿಸುವ ಯೋಚನೆಯಿತ್ತು. ಬೇಡವೆಂದೆ. ಒಳಗಿನ ನೀರಿಗೆ ದಾರಿ ಮುಚ್ಚಿದರೆ ಒತ್ತಡ ಹೆಚ್ಚುತ್ತದೆ. ಬದಲಿಗೆ ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಸಿ, ನೆತ್ತಿಯ ಮೇಲೆ ಕಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿದರು. ಬುಡದಲ್ಲಿ ಜಿನುಗುವ ಉಜರು ನೀರಿಗೆ ಪೈಪು ಇಟ್ಟರು. ಕೊಟ್ಟಿಗೆಯನ್ನು ಅಂಗಳದ ಇನ್ನೊಂದು ಬದಿಗೆ ಕಟ್ಟಿದರು.

ಆಶ್ಲೇಷ ಮಳೆ ಜೋರಾದಾಗ ಫೋನ್ ಬಂತು. ಪೈಪಿನ ನೀರು ಇನ್ನೂ ತಿಳಿಯಾಗಿದೆ ಅಂದರು. ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ, ಅಡಿಕೆ ಮರ ವಾಲಿದೆಯೇ ಎಂದು ದಿನಾ ನೋಡಿ ಎಂದೆ. ನೀರು ಹಾಲಿನ ಬಣ್ಣಕ್ಕೆ ತಿರುಗಿದರೆ ಒಳಗಿನ ಶೇಡಿ ಕರಗಿ ಬರುತ್ತಿದೆ ಎಂದರ್ಥ, ಆಗ ಹಗಲು ರಾತ್ರಿ ನೋಡದೆ ಎಲ್ಲರನ್ನೂ ಕರಕೊಂಡು ಮನೆ ಬಿಡಿ, ಫೋನ್ ಆಮೇಲೆ ಮಾಡಿ.