ಇಂಪ್ಲಾಂಟ್ ಹಾಕಿಸಿದರೆ ಈಗ ಕೇಳಿಸುವಷ್ಟೂ ಹೋಗುತ್ತದೆಯೇ?

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಎರಡೂ ಕಿವಿಗೆ ಹಿಯರಿಂಗ್ ಏಡ್ ಹಾಕಿಕೊಂಡರೂ ಮಾತು ಅರ್ಥವಾಗುವುದಿಲ್ಲ. ಆದರೆ ನಾಯಿ ಬೊಗಳಿದರೆ, ಬಾಗಿಲು ಬಡಿದರೆ ಕೇಳಿಸುತ್ತದೆ. ವೈದ್ಯರು ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿ ಎನ್ನುತ್ತಾರೆ. ಆಪರೇಷನ್ ಆದರೆ ಇರುವುದೂ ಹೋಗುತ್ತದೆ, ಪೂರ್ತಿ ಕಿವುಡಾಗುವವರೆಗೆ ಕಾಯಿರಿ ಎಂದು ಬಂಧುಗಳು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಕಾಯಬೇಡಿ. ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕ ತಪ್ಪಿದೆ. ಆದರೂ ಈ ಸಲ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮ್ಮ ಬಂಧುಗಳ ಮಾತಿನ ಮೊದಲರ್ಧದಲ್ಲಿ ಒಂದಿಷ್ಟು ಸತ್ಯವಿದೆ, ಅದರ ಬಲದಿಂದಲೇ ಎರಡನೆಯರ್ಧದ ಸುಳ್ಳು ಇಷ್ಟು ವರ್ಷ ಬದುಕಿಕೊಂಡಿದೆ.

ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡಿರುವ ಒಳಕಿವಿಯ ಭಾಗವಾದ ಕಾಕ್ಲಿಯಾದಲ್ಲಿ, ಬುಡದ ರೋಮಕೋಶಗಳು ಕೀರಲು ಧ್ವನಿಗಳನ್ನೂ ತುದಿಯವು ತಗ್ಗಿನ ಧ್ವನಿಗಳನ್ನೂ ಹಿಡಿಯುತ್ತವೆ. ವಯಸ್ಕರಲ್ಲಿ ಸಾಮಾನ್ಯವಾಗಿ ಮೊದಲು ಕೆಡುವುದು ಬುಡ. ಇಂಪ್ಲಾಂಟಿನ ಎಲೆಕ್ಟ್ರೋಡ್, ಅಂದರೆ ಶಬ್ದವನ್ನು ವಿದ್ಯುತ್ ಸಂಕೇತವಾಗಿ ಕಿವಿಯ ನರಕ್ಕೆ ಮುಟ್ಟಿಸುವ ಸಪೂರ ತಂತಿ, ಒಳಹೋಗುವುದೂ ಬುಡದಿಂದಲೇ. ಅದು ಹೋಗುವಾಗ ಒಳಗಿನ ತೆಳುಪೊರೆಯನ್ನು ಹರಿದರೆ, ಅಥವಾ ಆಮೇಲೆ ಅದರ ಸುತ್ತ ಉರಿಯೂತವೂ ಗಾಯದ ಅಂಗಾಂಶವೂ ಬೆಳೆದರೆ, ತುದಿಯಲ್ಲಿ ಉಳಿದಿದ್ದ ಶ್ರವಣಶಕ್ತಿಗೂ ಪೆಟ್ಟು ಬೀಳಬಹುದು. ಕೆಲವರಿಗೆ ಆಪರೇಷನ್ ಆದ ಕೂಡಲೇ ಹೋಗುತ್ತದೆ, ಇನ್ನು ಕೆಲವರಿಗೆ ತಿಂಗಳುಗಳ ನಂತರ ನಿಧಾನವಾಗಿ ಕುಗ್ಗುತ್ತದೆ. ಉಳಿಸಿಯೇ ಕೊಡುತ್ತೇನೆಂದು ಯಾವ ಸರ್ಜನ್ ಆದರೂ ಖಾತ್ರಿ ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಆದರೆ 'ಹೋಗಬಹುದು' ಎಂಬುದು 'ಹೋಗಿಯೇ ಹೋಗುತ್ತದೆ' ಎಂದಾದದ್ದು ಹಳೆಯ ಕಾಲದ ಕಥೆಯಿಂದ. 1984ರಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟ ಮೊದಲ ಇಂಪ್ಲಾಂಟ್ ತೀವ್ರ ಕಿವುಡಿನ ವಯಸ್ಕರಿಗೆ ಮಾತ್ರ ಮೀಸಲಾಗಿತ್ತು. ಉಳಿಸಲು ಏನೂ ಇಲ್ಲದ ಕಿವಿಯಲ್ಲಿ ಉಳಿಸುವ ಚಿಂತೆ ಯಾರಿಗೂ ಇರಲಿಲ್ಲ. 1993ರಲ್ಲಿ ಜರ್ಮನಿಯ ಅರ್ನ್ಸ್ಟ್ ಲೇನ್‌ಹಾರ್ಟ್ ಒಳಕಿವಿಗೆ ಕನಿಷ್ಠ ಆಘಾತವಾಗುವಂತೆ ಮಾಡುವ ಮೃದು ಶಸ್ತ್ರಚಿಕಿತ್ಸೆಯನ್ನು ವಿವರಿಸಿದರು. 1999ರಲ್ಲಿ ಫ್ರಾಂಕ್‌ಫರ್ಟ್‌ನ ಫಾನ್ ಇಲ್ಬರ್ಗ್ ತಂಡವು ಒಂದೇ ಕಿವಿಗೆ ಕೀರಲು ಧ್ವನಿಯನ್ನು ವಿದ್ಯುತ್ತಿನಿಂದಲೂ ತಗ್ಗಿನ ಧ್ವನಿಯನ್ನು ಹಿಯರಿಂಗ್ ಏಡ್‌ನಂತೆ ಶಬ್ದವಾಗಿಯೂ ಕೊಡಬಹುದೆಂದು ವರದಿ ಮಾಡಿತು. ತಗ್ಗಿನ ಶ್ರವಣ ಉಳಿದಿರುವವರಿಗೆಂದೇ ರೂಪಿಸಿದ ಇಂಥ ಹೈಬ್ರಿಡ್ ಸಾಧನಕ್ಕೆ 2014ರಲ್ಲಿ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಇಂದು ತೆಳ್ಳಗಿನ, ಬಾಗುವ ಎಲೆಕ್ಟ್ರೋಡನ್ನು ಸಾಧ್ಯವಾದಲ್ಲೆಲ್ಲ ಒಳಕಿವಿಯ ದುಂಡುಕಿಂಡಿಯ ಮೂಲಕ ಅವಸರವಿಲ್ಲದೆ ತಳ್ಳುತ್ತಾರೆ, ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಕೊಡುತ್ತಾರೆ.

ಇನ್ನು 'ಪೂರ್ತಿ ಹೋಗುವವರೆಗೆ ಕಾಯಿರಿ' ಎಂಬ ಉಪದೇಶ. ನಿಮ್ಮ ತಂದೆಯವರ ಆಡಿಯೋಗ್ರಾಂ, ಅಂದರೆ ಯಾವ ಧ್ವನಿ ಎಷ್ಟು ಕೇಳಿಸುತ್ತದೆಂದು ತೋರಿಸುವ ನಕ್ಷೆ, ತೆಗೆದು ನೋಡಿ. ಬಹುಶಃ ತಗ್ಗಿನ ಧ್ವನಿಯ 250 ಹರ್ಟ್ಜ್‌ನಲ್ಲಿ ಗೆರೆ ಮೇಲಿದ್ದು, 1000 ದಾಟಿದ ಮೇಲೆ ಧುಮುಕಿರುತ್ತದೆ. ಮೇಲಿರುವ ಆ ತುಣುಕಿನಿಂದ ನಾಯಿಯ ಬೊಗಳುವಿಕೆ ಕೇಳಿಸುತ್ತದೆ, ಸ್ವರಗಳೂ ಕೇಳಿಸುತ್ತವೆ. ವ್ಯಂಜನಗಳು ಬಹುಪಾಲು ಕೇಳಿಸುವುದಿಲ್ಲ. ಅವರ ಮುಂದೆ ನಿಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಸಾಕು, ಹಾಕು, ತಾಕು ಎಂದು ಹೇಳಿ ನೋಡಿ: ಮೂರೂ ಅವರಿಗೆ 'ಆ-ಉ' ಎಂದೇ ತಲುಪುತ್ತವೆ. ಊಟಕ್ಕೆ ಕೂತವರು ಸಾಕು ಎಂದರೂ ಎಲೆಗೆ ಇನ್ನೊಂದು ಸೌಟು ಸಾರು ಬೀಳುವುದು ಹೀಗೆಯೇ. ಮನೆಯವರು ನಗುತ್ತಾರೆ, ಬಡಿಸಿದವರು ಮುಂದಿನ ಸಲ ಬಡಿಸಲು ಬರುವುದಿಲ್ಲ. ನೀವು ಕಾಯುತ್ತಾ ಕಾಪಾಡುತ್ತಿರುವ ಆಸ್ತಿ ಇಷ್ಟು. ಅದೂ ಕಾಯುವುದರಿಂದ ಉಳಿಯುವುದಿಲ್ಲ, ಇಂಥ ಕಿವುಡು ಬಹಳ ಸಲ ತಾನಾಗಿಯೇ ಮುಂದುವರಿಯುತ್ತದೆ. ಈ ನಡುವೆ ಮಾತು ಕೇಳಿಸದೆ ಕಳೆದ ಕಾಲ ಹೆಚ್ಚಿದಷ್ಟೂ ಮೆದುಳಿಗೆ ಮಾತನ್ನು ಮತ್ತೆ ಬಿಡಿಸಿಕೊಳ್ಳುವುದು ಕಷ್ಟವಾಗುತ್ತದೆ, ಇಂಪ್ಲಾಂಟಿನ ಫಲವೂ ತಗ್ಗುತ್ತದೆ. ಹುಟ್ಟಿನಿಂದ ಕೇಳಿಸದ ಮಕ್ಕಳಲ್ಲಂತೂ ಈ ನಷ್ಟ ಇನ್ನೂ ದೊಡ್ಡದು. ಅಂಗವಿಕಲರಿಗೆ ಸಾಧನಗಳ ನೆರವು ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಅಂಥ ಮಕ್ಕಳಿಗೆ 5 ವರ್ಷದ ವಯೋಮಿತಿ ಇಟ್ಟಿರುವುದು ಸುಮ್ಮನೆ ಅಲ್ಲ. ಆಪರೇಷನ್ ಬೇಕೇ ಬೇಡವೇ ಎಂಬುದನ್ನು ನಿರ್ಧರಿಸಬೇಕಾದದ್ದು ಒಳ್ಳೆಯ ಹಿಯರಿಂಗ್ ಏಡ್ ಹಾಕಿದಾಗ ಎಷ್ಟು ಮಾತು ಅರ್ಥವಾಗುತ್ತದೆ ಎಂಬ ಪರೀಕ್ಷೆ, ಬಾಗಿಲು ಬಡಿದದ್ದು ಕೇಳಿಸಿತೇ ಎಂಬುದಲ್ಲ.

ಹಾಗೆಂದು ಉಳಿದದ್ದನ್ನು ತಾತ್ಸಾರ ಮಾಡಬೇಡಿ. ಆಪರೇಷನ್‌ಗೆ ಮೊದಲೇ ಸರ್ಜನ್‌ರನ್ನು ಕೇಳಿ: ಯಾವ ಎಲೆಕ್ಟ್ರೋಡ್, ಎಷ್ಟು ಉದ್ದ, ತಗ್ಗಿನ ಶ್ರವಣ ಉಳಿದರೆ ಅದನ್ನು ಬಳಸಿಕೊಳ್ಳುವ ಪ್ರೊಸೆಸರ್ (ಇಂಪ್ಲಾಂಟಿನ ಹೊರಗೆ ಹಾಕಿಕೊಳ್ಳುವ ಭಾಗ) ಆ ಮಾದರಿಯಲ್ಲಿ ಇದೆಯೇ? ಗಾಯ ಮಾಗಿದ ಮೇಲೆ ಪ್ರೊಸೆಸರ್ ತೆಗೆದಿಟ್ಟು ಅದೇ ಕಿವಿಯ ಆಡಿಯೋಗ್ರಾಂ ಮಾಡಿಸಿ, ಮೊದಲ ವರ್ಷದಲ್ಲಿ ಮತ್ತೆ ಮತ್ತೆ ಮಾಡಿಸಿ. ಅಳೆಯದಿದ್ದರೆ ಉಳಿದಿದೆಯೋ ಹೋಗಿದೆಯೋ ತಿಳಿಯುವುದಿಲ್ಲ, ಉಳಿದಿದ್ದರೂ ಬಳಕೆಗೆ ಬರುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಆಪರೇಷನ್ ಆಗದ ಇನ್ನೊಂದು ಕಿವಿಯ ಗತಿ? ಇಂಪ್ಲಾಂಟ್ ಬಂತಲ್ಲ ಎಂದು ಆ ಕಿವಿಯ ಹಿಯರಿಂಗ್ ಏಡ್ ಬೀರು ಸೇರುವುದನ್ನು ಮನೆಮನೆಯಲ್ಲೂ ನೋಡುತ್ತೇನೆ. ಇಂಪ್ಲಾಂಟ್ ವ್ಯಂಜನಗಳನ್ನು ಚೆನ್ನಾಗಿ ಕೊಡುತ್ತದೆ, ಆದರೆ ಶ್ರುತಿಯ ಏರಿಳಿತ ತಿಳಿಸುವುದರಲ್ಲಿ ಹಿಂದೆ. ಮಾತನಾಡುತ್ತಿರುವುದು ಮಗನೋ ಸೊಸೆಯೋ, ತಂಬೂರಿಯ ಷಡ್ಜ ಎಲ್ಲಿದೆ ಎಂಬುದನ್ನು ತಿಳಿಸುವ ತಗ್ಗಿನ ಧ್ವನಿ ಆ ಇನ್ನೊಂದು ಕಿವಿಯಲ್ಲಿಯೇ ಇದೆ, ಗದ್ದಲದಲ್ಲಿ ಮಾತು ಹಿಡಿಯಲೂ ಅದು ನೆರವಾಗುತ್ತದೆ. ಹೊಸ ಧ್ವನಿಗೆ ಒಗ್ಗಲೆಂದು ದಿನಕ್ಕೆ ಸ್ವಲ್ಪ ಹೊತ್ತು ಇಂಪ್ಲಾಂಟ್ ಒಂದರಿಂದಲೇ ಕೇಳುವ ಅಭ್ಯಾಸ ಹೇಳಿಕೊಟ್ಟಾರು, ಅದನ್ನು ಮಾಡಿಸಿ. ಉಳಿದ ಹೊತ್ತು ಎರಡೂ ಇರಲಿ. ಇಂಪ್ಲಾಂಟನ್ನು ಅವರ ಕಿವಿಗೆ ತಕ್ಕಂತೆ ಹೊಂದಿಸುವ ಮ್ಯಾಪಿಂಗ್‌ಗೆ ಹೋಗುವಾಗ ಹಿಯರಿಂಗ್ ಏಡನ್ನೂ ಹಾಕಿಸಿಕೊಂಡೇ ಕರೆದೊಯ್ಯಿರಿ, ಎರಡರ ಜೋರನ್ನೂ ಒಂದಕ್ಕೊಂದು ಹೊಂದಿಸಲು ಆಡಿಯಾಲಜಿಸ್ಟ್‌ಗೆ ಅದು ಎದುರಿಗೇ ಇರಬೇಕು.